ಹಾಲಿಗೂ ಗೆರಟೆ, ಚಾಯಕ್ಕೂ ಗೆರಟೆ

ಕೂಯ್ ಎಂದಿತು ಹಾರ್ನು, ಹಲಸಿನ ಮರದ ಮೇಲಿಂದ, ಮಹಾಬಲಣ್ಣ ಓಡಿಬಂದು ಗುಂಡಿ ತಿರುಗಿಸಿದ, ಮೈಕ್ ಸೆಟ್ಟು ಅವನದ್ದು, ಕಡಬದಿಂದ ನೆಲ್ಯಾಡಿವರೆಗೆ ಮದುವೆಯಾಗಲಿ ಸಭೆಯಾಗಲಿ ಅವನ ಗುಂಡಿ ಹೇಳಿದಷ್ಟೇ ದೊಡ್ಡ ದನಿ, ಸ್ವಲ್ಪ ಮೆಲ್ಲ ಹಾಡು ಮಾರಾಯ್ತಿ, ಹಾರ್ನು ಹರಿದರೆ ನನ್ನ ಕಥೆ ಮುಗೀತು ಎಂದ — ಮೆಲ್ಲ ಹಾಡಲಿಕ್ಕಾಗುವ ಹಾಡಲ್ಲ ಇದು, ಮತ್ತೆ ಈ ಹಾರ್ನಿನಲ್ಲಿ ಪ್ರಾರ್ಥನೆ ಕೂಡ ಬೈಗುಳದ ಹಾಗೆ ಕೇಳುದು, ನಮಗೆ ಬೇಕಾದದ್ದು ಅದೇ. ಯುವಕ ಮಂಡಲದ ವಾರ್ಷಿಕೋತ್ಸವ, ಶಾಲೆಯ ಮೈದಾನ, ಸಂಜೆ ಬಿಸಿಲು ನೇರ ಕಣ್ಣಿಗೆ, ಎದುರು ಸಾಲಿನಲ್ಲಿ ನನ್ನ ಅಪ್ಪಚ್ಚನ್, ರಬ್ಬರ್ ತೋಟದ ಧಣಿ, ಈಪ್ಪನ್ ಮುದಲಾಳಿ ಎಂದು ಈಗಷ್ಟೇ ಮೈಕಿನಲ್ಲಿ ಹೊಗಳಿಸಿಕೊಂಡವರು, ಪಕ್ಕದಲ್ಲಿ ಅಮ್ಮಚ್ಚಿ, ಮಗಳು ಗಿಟಾರು ಹಿಡಿದರೆ ದೇವರ ಹಾಡೇ ಬರುದೆಂದು ನಂಬಿದ ಮುಖ. ನನ್ನ ಕೈಯಲ್ಲಿದ್ದದ್ದು ಇಗರ್ಜಿಯ ಗಿಟಾರು, ಅದರ ಹೊಟ್ಟೆಗೆ ಮೈಕು ಕಟ್ಟಿದ್ದು ದೇರಣ್ಣ, ಸುಳ್ಯದವನು, ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದೆ, ಅವನ ಗಿಟಾರಿಗೆ ದಪ್ಪ ತಂತಿ ಮಾತ್ರ ಉಳಿದಿದೆ, ಸಣ್ಣ ತಂತಿ ಹರಿದದ್ದಕ್ಕೆ ಬೇಸರವೇ ಇಲ್ಲ, ಸಣ್ಣ ತಂತಿ ಮದುವೆ ಹಾಡಿಗೆ ಲಾಯ್ಕ, ನಮಗೆ ಎಂತಕ್ಕೆ. ನನಗೆ ಹೆದರಿಕೆ ಇಲ್ಲ. ಕೈ ಬೆವರಿದ್ದು ಬಿಸಿಲಿಗೆ.

ಹಡಗಿನಲ್ಲಿ ಕೆಲಸ ಮಾಡುವ ಐಸಕಣ್ಣ ತಂದ ಕ್ಯಾಸೆಟ್ಟಿನಲ್ಲಿ ಯಾವುದೋ ಪರದೇಶದ ಪಂಕ್ ಬ್ಯಾಂಡಿನವರು, ಅವರು ಹಾಡುತ್ತಿರಲಿಲ್ಲ, ಜಗಳ ಮಾಡುತ್ತಿದ್ದರು, ಮಾತು ಒಂದೂ ಅರ್ಥವಾಗದಿದ್ದರೂ ಜಗಳ ಅರ್ಥವಾಗಿತ್ತು, ನಾವು ಮೂವರು ರಬ್ಬರ್ ಶೀಟಿನ ಹೊಗೆಮನೆಯಲ್ಲಿ ಕೂತು ಕೇಳಿದ್ದು, ನಾನು, ದೇರಣ್ಣ, ಚನಿಯಪ್ಪ, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಅಲ್ಯುಮಿನಿಯಂ ತಟ್ಟೆ ಕವುಚಿ ಹಾಕಿ ಚನಿಯಪ್ಪ ಬಡಿಯಲು ಶುರುಮಾಡಿದ, ಇದು ಸುಲಭ ಉಂಟಲ್ಲ, ಸಿಟ್ಟಿದ್ದರೆ ಸಾಕು ಎಂದ. ಒಂದನೇ ಕ್ಲಾಸಿನಿಂದ ನನ್ನದೇ ಬೆಂಚಿನವನು. ಆಗಲೇ ಅಮ್ಮಚ್ಚಿ ಚಾಯ ತಂದಳು, ದೇರಣ್ಣನಿಗೆ ಗ್ಲಾಸು, ನನಗೆ ಗ್ಲಾಸು, ಚನಿಯಪ್ಪನಿಗೆ ತೆಂಗಿನ ಗೆರಟೆ, ಅವನು ಎರಡೂ ಕೈಯಲ್ಲಿ ಹಿಡಿದು ಬಾಗಿಲಾಚೆ ಹೋಗಿ ಕುಡಿದು ಬಂದ, ತಟ್ಟೆ ಬಡಿಯುದು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದ. ಮರದ ಹಾಲು ಹಿಡಿಯುವ ಗೆರಟೆ ಅದೇ ಗಾತ್ರ. ನಾನು ಅಷ್ಟು ವರ್ಷ ನೋಡಿದ್ದೆ, ಅಂದು ಕಂಡದ್ದು. ಹಾಡು ನನಗೆ ಅಲ್ಲೇ ಬಂತು, ಹಾಲಿಗೂ ಗೆರಟೆ, ಚಾಯಕ್ಕೂ ಗೆರಟೆ, ಚನಿಯಪ್ಪನ ತುಟಿಗೆ ಯಾಕೆ ಗೆರಟೆ, ಆಮೇಲೆ ಒಡೆ ಒಡೆ ಒಡೆ, ಅಷ್ಟೇ, ದೇರಣ್ಣ ಕುಣಿದುಬಿಟ್ಟ, ಚನಿಯಪ್ಪ ಕುಣಿಯಲಿಲ್ಲ. ಹೆಸರು ತೆಗಿ ಎಂದ. ಯಾಕೆ, ಸುಳ್ಳಾ? ಸುಳ್ಳಲ್ಲ, ನಾಳೆ ನನ್ನ ಅಮ್ಮ ನಿಮ್ಮ ತೋಟಕ್ಕೇ ಕತ್ತಿ ಹಿಡಿದುಕೊಂಡು ಬರುದು, ನೀನು ಹಾಸ್ಟೆಲಿಗೆ ಹೋಗುದು, ಮರದ ಬುಡದಲ್ಲಿ ಉತ್ತರ ಕೊಡುವವಳು ಅವಳು. ಪೂವಮ್ಮ, ಅವನ ಅಮ್ಮ, ನಮ್ಮ ರಬ್ಬರ್ ಮರ ಕೆತ್ತುವವಳು. ಹಾಸ್ಟೆಲಿನ ಲೈಬ್ರರಿಯಲ್ಲಿ ಓದಿದ ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ, ತೆಗೆಯುತ್ತೇನೆ ಎಂದೆ, ತೆಗೆದೆ, ಹೆಸರಿದ್ದಲ್ಲಿ ಏನೂ ತುಂಬಿಸಲಿಲ್ಲ, ನಾಲ್ಕು ಪೆಟ್ಟಿನಷ್ಟು ಖಾಲಿ.

ಈಗ. ದೇರಣ್ಣ ತಲೆ ಆಡಿಸಿದ, ಹಿಂದಿನಿಂದ ಚನಿಯಪ್ಪನ ತಟ್ಟೆ ಕಿರುಚಿತು, ಹಾರ್ನು ಹರಿಯಿತು, ಹರಿಯಲಿ, ಎಷ್ಟು ಚಂದ ಹರಿಯಿತು, ಹಾಲಿಗೂ ಗೆರಟೆ, ಬದಿಯಲ್ಲಿ ನಿಂತ ಹುಡುಗರು ನಗುತ್ತಿದ್ದಾರೆ, ಎಂತ ಮಾರಾಯ ಇದು ಹಾಡಾ ಜಗಳವಾ, ಎರಡೂ ಹೌದು, ಚಾಯಕ್ಕೂ ಗೆರಟೆ, ಅಪ್ಪಚ್ಚನ್ ಕಾಲ ಮೇಲಿನ ಕಾಲು ಇಳಿಸಿದರು, ಅಮ್ಮಚ್ಚಿಗೆ ಅರ್ಥವಾಯಿತು, ಗೊತ್ತಾಗುತ್ತದೆ, ಅವಳ ಕೈ ಜಪಮಾಲೆಯಲ್ಲೇ ನಿಂತುಬಿಟ್ಟಿತು, ನನ್ನ ದನಿ ನನಗಿಂತ ದೊಡ್ಡದಿದೆ, ಈಗ ಖಾಲಿ ಜಾಗ, ನಾನು ಬಾಯಿ ಮುಚ್ಚಿದೆ — ಚನಿಯಪ್ಪ. ನಾನಲ್ಲ. ಹಿಂದಿನಿಂದ. ಮೈಕಿಲ್ಲದೆ, ಗಂಟಲು ಹರಿಯುವ ಹಾಗೆ, ಚನಿಯಪ್ಪ ಎಂದು ಚನಿಯಪ್ಪನೇ ಕೂಗಿದ, ನಗು ನಿಂತಿತು, ತೋಟದ ಕೆಲಸದ ಹೆಂಗಸರೆಲ್ಲ ನೆಲದ ಮೇಲೆ ಕೂತಲ್ಲಿ, ಕೊನೆಯಲ್ಲಿ, ಪೂವಮ್ಮ ಎದ್ದಳು, ಹೋದಳು ಎಂದುಕೊಂಡೆ, ಹೋಗಲಿಲ್ಲ, ಈಚೆ ಬರುತ್ತಿದ್ದಾಳೆ, ಕುರ್ಚಿಗಳ ಮಧ್ಯೆ, ಯಾರನ್ನೂ ನೋಡದೆ, ಅಮ್ಮಚ್ಚಿಯ ಪಕ್ಕ ನಾನು ಬಿಟ್ಟು ಬಂದ ಕುರ್ಚಿ, ಅದರಲ್ಲಿ ಕೂತಳು. ಅಂಚಿನಲ್ಲಿ. ಒರಗದೆ. ಅಮ್ಮಚ್ಚಿ ಸೆರಗು ಎಳೆದುಕೊಂಡಳು, ತಾಗಬಾರದೆಂದಾ, ಜಾಗ ಮಾಡಿದ್ದಾ, ಇಲ್ಲಿಂದ ತಿಳಿಯುದಿಲ್ಲ, ಒಡೆ ಒಡೆ ಎಂದು ದೇರಣ್ಣನೊಬ್ಬನೇ ಹಾಡುತ್ತಿದ್ದಾನೆ, ನನ್ನ ಬೆರಳು ತಂತಿ ಬಿಟ್ಟು ಏಳುತ್ತಿಲ್ಲ, ಕುರ್ಚಿಯ ಅಂಚಿನಲ್ಲಿ ಪೂವಮ್ಮ, ಮಂಡಿಯ ಮೇಲೆ ಎರಡು ಕೈ, ಕುರ್ಚಿಯ ಅಂಚಿನಲ್ಲಿ, ಒರಗದೆ, ಪೂವಮ್ಮ