ಕೈ ತೋರಿಸಿದ ಡಾಕ್ಟರು

ಓಣಿಯವರೆಲ್ಲ ಸೇರಿ ಆಕೆಗೆ ಇಟ್ಟ ಹೆಸರು ರೇಡಿಯೋ ಅಕ್ಕ. ಆಸ್ಪತ್ರೆಯ ವಾರ್ಡಿಗೆ ಬಂದ ದಿನವೇ ಅಕ್ಕಪಕ್ಕದ ಹಾಸಿಗೆಯವರ ಸೊಸೆಯಂದಿರ ಜಾತಕವನ್ನೆಲ್ಲ ಜಾಲಾಡಿಬಿಟ್ಟಿದ್ದಳು. ಅಂಥವಳ ಕತ್ತಿನಲ್ಲೇ ಗಂಟು ಎದ್ದಿತ್ತು, ಅದೂ ದನಿಯ ನರಕ್ಕೆ ಅಂಟಿಕೊಂಡು. ತೆಗೆಯುವಾಗ ಕತ್ತರಿ ಕೂದಲೆಳೆಯಷ್ಟು ಆಚೀಚೆಯಾದರೂ ರೇಡಿಯೋ ಶಾಶ್ವತವಾಗಿ ಬಂದ್.

"ದೊಡ್ಡ ಡಾಕ್ಟ್ರೇ ಮಾಡ್ಬೇಕು. ಅವರ ಕೈಗುಣ ನಂಬ್ಕೊಂಡೇ ಬಂದಿರೋದು. ಕಂಡಕಂಡವರಿಗೆಲ್ಲ ನನ್ನ ಕತ್ತು ಕೊಡಲ್ಲ," ಎಂದು ಆಕೆ ಸಿಸ್ಟರ್ ಮುಂದೆ ಪಟ್ಟು ಹಿಡಿದಳು.

ಸಿಸ್ಟರ್ ದಿಂಬು ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿದಳು. ಆಪರೇಷನ್ ಥಿಯೇಟರಿನಲ್ಲಿ ದೊಡ್ಡ ಡಾಕ್ಟರ ಚಾಚಿದ ಕೈಗೆ ಕತ್ತರಿ, ಇಕ್ಕಳ ಕೊಡುತ್ತ ಬಂದವಳು ಅವಳೇ. ಕಳೆದ ವಾರ ಆ ಕೈ ಇಕ್ಕಳವನ್ನು ತಟ್ಟೆಗೆ ಇಡುವಾಗ ಸ್ಟೀಲಿಗೆ ಸ್ಟೀಲು ತಾಗಿ ಟಕಟಕ ಸದ್ದಾಗಿತ್ತು. ಇಬ್ಬರೂ ಕೇಳಿಸಿಕೊಂಡಿದ್ದರು, ಇಬ್ಬರೂ ಕೇಳಿಸದವರಂತೆ ಇದ್ದರು. ಇವತ್ತು ಅವರು ಏನು ಹೇಳುತ್ತಾರೋ ಎಂದು ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು.

ದೊಡ್ಡ ಡಾಕ್ಟರು ಬಂದು ಸ್ಟೂಲು ಎಳೆದುಕೊಂಡು ಕುಳಿತರು. ಹಿಂದೆ ಅವರ ಶಿಷ್ಯೆ ಚಿಕ್ಕ ಡಾಕ್ಟರಮ್ಮ. "ರಜಾ ಹಾಕಿದ್ದೇನೆ" ಎಂದು ಒಂದು ಸುಳ್ಳು ಬಿಟ್ಟಿದ್ದರೆ ಹೆಸರೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಅವರು ಅಂಗಿಯ ತೋಳು ಮಡಚಿ ಬಲಗೈಯನ್ನು ಆಕೆಯ ಮುಂದೆ ಚಾಚಿದರು. ಬೆರಳುಗಳು ಅವರ ಮಾತು ಕೇಳದೆ ನಡುಗುತ್ತಿದ್ದವು.

"ನೋಡಿ ಅಮ್ಮ, ನೀವು ನಂಬ್ಕೊಂಡು ಬಂದ ಕೈ ಈಗ ಹೀಗಿದೆ. ಇದನ್ನ ನಿಮ್ಮ ಕತ್ತಿನ ಹತ್ರ ತರೋಕೆ ನನಗೆ ಮನಸ್ಸು ಒಪ್ಪಲ್ಲ. ನೀವು ಹೂಂ ಅಂದ್ರೆ ಡಾಕ್ಟರಮ್ಮ ಮಾಡ್ತಾಳೆ. ಬೇಡ ಅಂದ್ರೆ ಬೇರೆ ಆಸ್ಪತ್ರೆಗೆ ನಾನೇ ಮಾತಾಡ್ತೀನಿ."

ಆ ಕೈ ಎಷ್ಟೋ ಜೀವ ಉಳಿಸಿದ್ದನ್ನು ಸಿಸ್ಟರ್ ಪಕ್ಕದಲ್ಲೇ ನಿಂತು ನೋಡಿದ್ದಳು. ಆದರೆ ಅದು ಇಷ್ಟು ದೊಡ್ಡದಾಗಿ ಕಂಡದ್ದು ಇವತ್ತೇ.

ರೇಡಿಯೋ ಅಕ್ಕ ಆ ಕೈಯನ್ನು ಹಿಡಿದು, ಮಗುವಿನ ಗಾಯ ನೋಡುವ ತಾಯಿಯ ಹಾಗೆ ತಿರುಗಿಸಿ ಮುರುಗಿಸಿ ನೋಡಿದಳು.

"ಯಾರಿಗಾದ್ರೂ ತೋರಿಸಿದ್ರಾ?"

ಜನ್ಮವಿಡೀ ಬೇರೆಯವರನ್ನು ಕೇಳುತ್ತ ಬಂದ ಪ್ರಶ್ನೆ ತಮ್ಮ ಬುಡಕ್ಕೇ ಬಂದಾಗ ಡಾಕ್ಟರು ತಬ್ಬಿಬ್ಬಾದರು. "ಇಲ್ಲ. ಮೊದಲು ತೋರಿಸ್ತಿರೋದು ನಿಮಗೇ."

"ಚೆನ್ನಾಗಿದೆ ನಿಮ್ಮ ಕಥೆ! ನಮಗೆಲ್ಲ ಬೈದು ಮಾತ್ರೆ ನುಂಗಿಸೋರು ನೀವು!" ಆಕೆ ಚಿಕ್ಕ ಡಾಕ್ಟರಮ್ಮನ ಕಡೆ ತಿರುಗಿದಳು. "ನೀನೇ ಮಾಡಮ್ಮ. ಇಂಥವರ ಕೈಕೆಳಗೆ ಕಲ್ತವಳಿಗೆ ಕತ್ತು ಕೊಡ್ಬಹುದು. ಇವರು ಪಕ್ಕದಲ್ಲಿರ್ಲಿ."

ಮರುದಿನ ಥಿಯೇಟರಿನಲ್ಲಿ ಸಿಸ್ಟರ್ ಇಕ್ಕಳ ಕೊಟ್ಟಿದ್ದು ಚಿಕ್ಕ ಡಾಕ್ಟರಮ್ಮನ ಕೈಗೆ. ದೊಡ್ಡ ಡಾಕ್ಟರು ತಲೆಯ ಬಳಿ ನಿಂತು ಮಾತಿನಲ್ಲೇ ದಾರಿ ತೋರಿಸಿದರು. ಗಂಟು ಬಂತು. ಇನ್ನು ದನಿಯೊಂದು ಬರಬೇಕಿತ್ತು.

ರೇಡಿಯೋ ಅಕ್ಕ ಕಣ್ಣು ಬಿಟ್ಟಾಗ ಮೂವರೂ ಬಗ್ಗಿದರು. ತುಟಿ ಆಡಿತು, ಸದ್ದಿಲ್ಲ. ದೊಡ್ಡ ಡಾಕ್ಟರು ಇನ್ನಷ್ಟು ಬಗ್ಗಿ ಕಿವಿ ಕೊಟ್ಟರು. ಆಕೆ ಉಗುಳು ನುಂಗಿ ಮತ್ತೆ ಬಾಯಿ ತೆರೆದಳು.

"ನಾನು ತೋರಿಸ್ಕೊಂಡಾಯ್ತು." ಒಡೆದಿತ್ತು, ಆದರೆ ಅದೇ ದನಿ. "ನೀವು ಯಾವಾಗ?"