ಏಳು ಸಣ್ಣ ತಾಟು

ಮೂರನೆಯ ರೊಟ್ಟಿ ತಟ್ಟಿ ಹಂಚಿನ ಮೇಲೆ ಹಾಕಿದ್ದೆ. ನೀರು ಸವರಬೇಕು ಅನ್ನುವಷ್ಟರಲ್ಲಿ ಫೋನು ಬಂತು. ನನ್ನ ಕೈತುಂಬ ಜೋಳದ ಹಿಟ್ಟು. ಮಗಳು ಸ್ನೇಹಲ ಫೋನು ಎತ್ತಿ ನನ್ನ ಕಿವಿಗೆ ಹಿಡಿದಳು. ಬೀದರಿನಿಂದ ಸುಲಭಕ್ಕ, ನನ್ನ ಗಂಡನ ಅಣ್ಣನ ಹೆಂಡತಿ. ಮಧ್ಯಾಹ್ನ ಒಂದು ಗಂಟೆಗೆ ಹೋಟೆಲಿನಲ್ಲಿ ಟೇಬಲ್ ಹೇಳಿಟ್ಟಿದ್ದೇವೆ, ಹತ್ತರ ಬಸ್ಸಿಗೆ ಬಿಟ್ಟರೆ ಸಾಕು, ಹುಡುಗಿಗೆ ಹಸಿರು ಫ್ರಾಕು ಹಾಕು ಎಂದಳು. ಮಗಳ ತಲೆ ನನ್ನ ತಲೆಗೆ ತಾಗಿಕೊಂಡೇ ಇತ್ತು. ಹಾಗಾಗಿ ನಾನು ಹೂಂ, ಹೂಂ ಅಂದೆ, ಅಷ್ಟೇ. ಅಷ್ಟರಲ್ಲಿ ರೊಟ್ಟಿ ಒಂದು ಮಗ್ಗುಲು ಕರಕಾಯಿತು.

ಸ್ನೇಹಲಳ ಅಪ್ಪ ತೀರಿಕೊಂಡು ನಾಲ್ಕು ವರ್ಷ. ನನ್ನ ಎರಡೂ ಕಿಡ್ನಿ ಕೆಟ್ಟು ಹದಿನಾಲ್ಕು ತಿಂಗಳು. ವಾರಕ್ಕೆ ಎರಡು ಸಲ ಔರಾದದಿಂದ ಬೀದರಿಗೆ ಹೋಗಿ, ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಕೈಯೊಡ್ಡಿ ನಾಲ್ಕು ತಾಸು ಮಲಗಿ ಬರುತ್ತೇನೆ. ರಕ್ತ ಕಡಿಮೆಯಾಗಿದೆ, ಇಂಜೆಕ್ಷನ್ ಕೊಡುತ್ತಾರೆ ಎಂದು ಮಗಳಿಗೆ ಹೇಳಿದ್ದೇನೆ. ಅವಳಿಗಿನ್ನೂ ಹತ್ತು ವರ್ಷ. ಹೋದ ತಿಂಗಳು ಡಾಕ್ಟರು ಭಾವನವರನ್ನು ಒಳಗೆ ಕರೆದು, ಈಗ ಹೃದಯವೂ ಸೋತಿದೆ, ಬೇರೆ ಕಿಡ್ನಿ ಹಾಕುವ ಮಾತೇ ಇಲ್ಲ, ವರ್ಷ ದಾಟುವುದು ಕಷ್ಟ ಎಂದರಂತೆ. ಅದನ್ನು ನನಗೆ ತಿಳಿಸಲು ಭಾವನವರಿಗೆ ಎರಡು ದಿನ ಬೇಕಾಯಿತು.

ಆಮೇಲೆ ನಮ್ಮ ಅತ್ತೆ ಕೌಸಲ್ಯಾಬಾಯಿ ಎಲ್ಲರನ್ನೂ ಭಾಲ್ಕಿಗೆ ಕರೆಸಿದರು. ಭಾಲಚಂದ್ರ ಭಾವನವರಿಗೂ ಸುಲಭಕ್ಕನಿಗೂ ಮಕ್ಕಳಿಲ್ಲ. ಸ್ನೇಹಲಳನ್ನು ಅವರ ಮಡಿಲಿಗೆ ಹಾಕುವುದೆಂದು ಅತ್ತೆ ತೀರ್ಮಾನಿಸಿದರು. ನಮ್ಮ ಮನೆತನದಲ್ಲಿ ಇದಕ್ಕೊಂದು ರೀತಿಯಿದೆ. ಪಡೆಯುವವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತನ್ನ ಕೈಯಾರೆ ಸಿಹಿ ತಿನ್ನಿಸುತ್ತಾಳೆ. ಆ ಹೊತ್ತಿಗೆ ಹೆತ್ತವಳು ಮುಖ ತಿರುಗಿಸಿಕೊಂಡಿರಬೇಕು. ಅಷ್ಟಾದರೆ ಮಗು ಅವಳದಾಯಿತು. ಕೊಡುವವಳು ಬದುಕಿರುವಾಗಲೇ ಇದು ಆಗಬೇಕು.

“ತಾಯಿ ಕೈಲೆ ಕೊಟ್ಟ ಕೂಸು ಪರದೇಶಿ ಆಗಂಗಿಲ್ಲವ್ವಾ,” ಎಂದರು ಅತ್ತೆ. ಅವರು ಅಳುತ್ತಲೇ ಹೇಳಿದ್ದರಿಂದ ನನಗೆ ಸಿಟ್ಟು ಮಾಡಲೂ ಆಗಲಿಲ್ಲ.

ನಾನು ಒಪ್ಪಿದೆ, ಒಂದು ಮಾತಿನ ಮೇಲೆ. ಮಗಳಿಗೆ ಎಲ್ಲವನ್ನೂ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ಬಾಯಿ ಬಿಡಬಾರದು. ಭಾವನವರನ್ನೂ ಸುಲಭಕ್ಕನನ್ನೂ ಅವಳು ಕಾಕಾ, ಕಾಕು ಎನ್ನುತ್ತಾಳೆ; ಅವರ ಜೊತೆ ಸುಮ್ಮನೆ ಸಲಿಗೆ ಬೆಳೆಸಿಕೊಳ್ಳಲಿ. ಸುಲಭಕ್ಕ ನನ್ನ ಕೈ ಹಿಡಿದು ಮಾತು ಕೊಟ್ಟಳು. ಈ ಊಟ ಆ ಸಲಿಗೆಗಾಗಿಯೇ ಇಟ್ಟದ್ದು. ಪಿಜ್ಜಾ ಎಂದರೆ ಪ್ರಾಣ ಬಿಡುವ ಹುಡುಗಿ, ಇಟಲಿಯ ಊಟ ಎಂದರೆ ಕುಣಿಯುತ್ತಾಳೆ ಎಂಬುದು ಸುಲಭಕ್ಕನ ಲೆಕ್ಕ.

ಬಸ್ಸಿನಲ್ಲಿ ಸ್ನೇಹಲ ಕುಣಿಯಲಿಲ್ಲ. ಕಿಟಕಿ ಬದಿಯ ಸೀಟು ನನಗೇ ಬಿಟ್ಟುಕೊಟ್ಟಳು.

ಹೋಟೆಲ್ ಒಂದು ಬಟ್ಟೆ ಅಂಗಡಿಯ ಮೇಲಿದೆ. ಹದಿನೆಂಟು ಮೆಟ್ಟಿಲು ಹತ್ತುವಾಗ ನಾನು ಎರಡು ಕಡೆ ನಿಂತೆ. ಒಳಗೆ ಇದ್ದದ್ದು ಐದೇ ಟೇಬಲ್. ನಡೆಸುವವನು ಠಾಣಾ ಕುಶನೂರಿನ ಮಚ್ಛೇಂದ್ರ. ಹನ್ನೆರಡು ವರ್ಷ ಹಡಗಿನ ಅಡುಗೆಮನೆಯಲ್ಲಿ ಇಟಲಿಯವರ ಕೈಕೆಳಗೆ ದುಡಿದು ಬಂದವನು, ಭಾವನವರಿಗೆ ಹಳೆಯ ಪರಿಚಯ. ಇಲ್ಲಿ ಇದು ಬೇಕು ಅದು ಬೇಕು ಎಂದು ಕೇಳುವ ಪದ್ಧತಿಯಿಲ್ಲ, ತಾನು ಕಳಿಸಿದ್ದನ್ನು ಉಣ್ಣಬೇಕು, ಒಂದಾದ ಮೇಲೊಂದು ಏಳು ಸಣ್ಣ ತಾಟು ಬರುತ್ತವೆ ಎಂದು ತಿಳಿಸಿ ಹೇಳಿದ.

ಮೊದಲು ಬಂದದ್ದು ಸುಟ್ಟ ಬ್ರೆಡ್ಡಿನ ಮೇಲೆ ಹೆಚ್ಚಿದ ಟೊಮೆಟೊ. ಎರಡನೆಯದು ಸಣ್ಣ ಬಟ್ಟಲಿನಲ್ಲಿ ಟೊಮೆಟೊ ಸೂಪು. ನನಗೆ ಟೊಮೆಟೊ ಆಗದು. ಉಪ್ಪು ಆಗದು. ನೀರು ಕೂಡ ದಿನಕ್ಕೆ ಇಷ್ಟೇ ಎಂದು ಅಳತೆ. ಸುಲಭಕ್ಕನಿಗೆ ಇದೆಲ್ಲ ಗೊತ್ತಿದ್ದರೂ ಸಂಭ್ರಮದಲ್ಲಿ ಮರೆತಿದ್ದಳು. ಮಗಳ ಎದುರಿಗೆ ನಾನು ಹೇಳುವಂತಿರಲಿಲ್ಲ. ಬ್ರೆಡ್ಡಿನ ಅಂಚು ಮುರಿದು ಬಾಯಿಗಿಟ್ಟುಕೊಂಡೆ. ಅಷ್ಟರಲ್ಲಿ ಸ್ನೇಹಲ ನನ್ನ ತಾಟಿಗೆ ಕೈ ಹಾಕಿ ಟೊಮೆಟೊ ಅಷ್ಟನ್ನೂ ತೆಗೆದು ತಿಂದಳು. ನನ್ನ ಸೂಪನ್ನೂ ಎಳೆದುಕೊಂಡು ಕುಡಿದಳು. ಹುಡುಗಿಗೆ ರುಚಿ ಹತ್ತಿತು ಎಂದು ಸುಲಭಕ್ಕ ನಕ್ಕಳು.

ಮೂರನೆಯದು ಚೀಸು ಹಾಕಿ ಬೇಯಿಸಿದ ಮೆತ್ತನೆಯ ಅನ್ನ. ಇದೊಂದು ಮಾತ್ರ ದೊಡ್ಡ ಬಿಳಿ ತಾಟಿನ ನಡುವೆ, ನಾಲ್ಕು ಚಮಚೆಯಷ್ಟು.

“ಮಚ್ಛೇಂದ್ರ, ನಮಗ ಜ್ವರಾ ಬಂದಾಗ ನಮ್ಮವ್ವ ಇದನ್ನೇ ಮಾಡ್ತಿದ್ಳಪ್ಪಾ,” ಎಂದರು ಭಾವ.

“ಆದ್ರ ಇಷ್ಟು ದೊಡ್ಡ ತಾಟಿನ್ಯಾಗ ಕೊಡ್ತಿದ್ದಿಲ್ಲಲ್ರಿ, ಸರ್.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸ್ನೇಹಲ ನಗಲಿಲ್ಲ. ನನ್ನ ಅನ್ನದ ಮೇಲಿನ ಚೀಸನ್ನು ಚಮಚೆಯಿಂದ ಕೆರೆದು ತನ್ನ ತಾಟಿಗೆ ಹಾಕಿಕೊಳ್ಳುವುದರಲ್ಲಿ ಮುಳುಗಿದ್ದಳು.

ಪಾಲಕ ತುಂಬಿದ ಕಡುಬಿನಂಥದ್ದು ಬಂತು. ಆಮೇಲೆ ಶಾವಿಗೆಗಿಂತ ದಪ್ಪ ಎಳೆಯ ಪಾಸ್ತಾ, ಮತ್ತೆ ಟೊಮೆಟೊದಲ್ಲಿ ಕಲಸಿದ್ದು. ಆರನೆಯದು ಚೀಸಿನಡಿ ಬೆಂದ ಬದನೆಕಾಯಿ. ಪ್ರತಿ ಸಲವೂ ಮಗಳು ನನ್ನ ಪಾಲಿಗೆ ಕೈ ಚಾಚಿದಳು. ಅವಳ ಹೊಟ್ಟೆ ಬಿಗಿದಿತ್ತು, ಹಣೆಯ ಮೇಲೆ ಬೆವರು. ಆದರೂ ಬಿಡದೆ ನುಂಗುತ್ತಿದ್ದಳು. ಸುಲಭಕ್ಕನಿಗೆ ಕೊನೆಗೆ ಸರಿಕಾಣಲಿಲ್ಲ. ಮಂದಿ ನೋಡುತ್ತಾರೆ, ಅವ್ವನ ತಾಟಿನದು ಕಸಿಯಬಾರದು, ಬೇಕಿದ್ದರೆ ಇನ್ನೊಂದು ತರಿಸುತ್ತೇನೆ ಎಂದಳು. ಸ್ನೇಹಲ ನನ್ನ ಮುಂದಿನ ನೀರಿನ ಗ್ಲಾಸನ್ನು ಎತ್ತಿ, ಅರ್ಧ ತನ್ನ ಗ್ಲಾಸಿಗೆ ಸುರಿದುಕೊಂಡು, ಉಳಿದ ಅರ್ಧವನ್ನು ನನ್ನ ಕಡೆಗೆ ಸರಿಸಿದಳು.

ನನಗೆ ಆಗ ತಿಳಿಯಿತು. ಏನು ತಿನ್ನಬಾರದು, ಎಷ್ಟು ಕುಡಿಯಬೇಕು ಎಂದು ಆಸ್ಪತ್ರೆಯಲ್ಲಿ ಕೊಟ್ಟ ಕಾಗದ ನನ್ನ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗಿದೆ. ಅವಳು ಅದನ್ನು ಓದಿದ್ದಾಳೆ. ಯಾವಾಗಿನಿಂದಲೋ ಗೊತ್ತಿಲ್ಲ. ಮನೆಯಲ್ಲಿ ಪಲ್ಯಕ್ಕೆ ಉಪ್ಪು ಹಾಕುವ ಮೊದಲೇ ನನ್ನ ಪಾಲನ್ನು ಬೇರೆ ತೆಗೆದಿಡುವ ಕೆಲಸವನ್ನು ಅವಳು ಆಟವೆಂಬಂತೆ ಮಾಡುತ್ತಿದ್ದದ್ದು ನೆನಪಾಯಿತು. ನಾನು ಅವಳಿಂದ ಮುಚ್ಚಿಟ್ಟಷ್ಟು ದಿನವೂ ಅವಳು ನನ್ನಿಂದ ಮುಚ್ಚಿಟ್ಟಿದ್ದಳು. ಟೇಬಲ್ಲಿನ ಕೆಳಗೆ ಅವಳ ಮೊಣಕಾಲ ಮೇಲೆ ಕೈಯಿಟ್ಟೆ. ಮನೆಗೆ ಹೋದ ಕೂಡಲೇ, ಇವತ್ತೇ, ಎಲ್ಲ ಹೇಳಿಬಿಡಬೇಕು ಅಂದುಕೊಂಡೆ.

ಮಚ್ಛೇಂದ್ರ ನನ್ನ ತಾಟು ಎತ್ತಲು ಬಂದು ನಿಂತ.

“ಅಕ್ಕಾರ, ನಿಮಗ ನನ್ನ ಕೈರುಚಿ ಹತ್ತಲಿಲ್ಲ ಕಾಣಸ್ತದ್ರಿ.”

“ಅವ್ವಗ ಹೊಟ್ಟಿ ತುಂಬ್ಯಾದ್ರಿ,” ಎಂದು ಸ್ನೇಹಲ ನನಗಿಂತ ಮೊದಲು ಹೇಳಿದಳು.

ಏಳನೆಯ ತಾಟು ಸಿಹಿ. ಕಾಫಿಯಲ್ಲಿ ನೆನೆಸಿದ ಬಿಸ್ಕೀಟು, ಮೇಲೆ ಕೆನೆ. ಮಗಳು ಅದನ್ನು ಮುಟ್ಟಲಾರದೆ ಕುಳಿತಿದ್ದಳು. ಹೊಟ್ಟೆ ನೋಯುತ್ತಿತ್ತೋ ಏನೋ, ಕಣ್ಣಲ್ಲಿ ನೀರು ಬಂದಿತ್ತು. ಸುಲಭಕ್ಕ ಅದನ್ನು ನೋಡಿದಳು. ತಾನು ಬೈದದ್ದಕ್ಕೇ ಅಳುತ್ತಾಳೆ ಅಂದುಕೊಂಡಳೆಂದು ಕಾಣುತ್ತದೆ. ಎದ್ದು ಬಂದು, ಬಾ ನನ್ನ ಬಂಗಾರ ಎನ್ನುತ್ತ ಅವಳನ್ನು ಎತ್ತಿ, ತನ್ನ ಕುರ್ಚಿಗೆ ಹೋಗಿ ತೊಡೆಯ ಮೇಲೆ ಕೂರಿಸಿಕೊಂಡಳು. ಒಂದು ಚಮಚೆ ಸಿಹಿ ತೆಗೆದು ಬಾಯಿಗಿಟ್ಟಳು. ಇಪ್ಪತ್ತು ವರ್ಷ ಯಾರಿಗೂ ತಿನ್ನಿಸದ ಕೈ ಅದು.

“ಸುಲಭಾ,” ಎಂದರು ಭಾವ, ಮೆಲ್ಲಗೆ.

ಅವಳಿಗೆ ಆಗ ಅರಿವಾಯಿತು. ಚಮಚೆ ಕೆಳಗಿಡಲೂ ಆಗದೆ ಹಿಡಿದೇ ಕುಳಿತಳು. ಹೋದ ಶ್ರಾವಣದಲ್ಲಿ ಭಾಲ್ಕಿಯ ಮನೆಯಲ್ಲಿ, ನನ್ನ ನಾದಿನಿಯ ಮಗ ಮಕರಂದನನ್ನು ಅವನ ದೊಡ್ಡಮ್ಮನಿಗೆ ಕೊಟ್ಟಾಗ, ಸ್ನೇಹಲ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ತೊಡೆ, ಸಿಹಿ, ಎಲ್ಲವನ್ನೂ ನೋಡಿದ್ದಳು. ಅವನ ತಾಯಿ ಗೋಡೆಯ ಕಡೆ ಯಾಕೆ ತಿರುಗಿದಳು ಎಂದು ನನ್ನನ್ನು ಕೇಳಿ ತಿಳಿದುಕೊಂಡಿದ್ದಳು.

ಸಿಹಿ ಅವಳ ಬಾಯಲ್ಲೇ ಇತ್ತು. ನುಂಗಲಿಲ್ಲ, ಉಗುಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಅದು ಯಾವ ಕಡೆ ತಿರುಗುತ್ತದೆ ಎಂದು. ನಾನು ತಿರುಗಿಸಲಿಲ್ಲ. ಕುತ್ತಿಗೆ ನೋಯುವಷ್ಟು ಬಿಗಿ ಹಿಡಿದು ಅವಳನ್ನೇ ನೋಡಿದೆ. ಅವಳು ಸಿಹಿಯನ್ನು ದವಡೆಗೆ ಸರಿಸಿ, ಅಂಗೈಯಿಂದ ಬಾಯಿ ಒರೆಸಿಕೊಂಡಳು.

“ಅವ್ವಾ,” ಎಂದಳು, “ನೀ ಸಾಯ್ತಿ ಅಂತ ನನ್ನ ಕಾಕುಗ ಕೊಡ್ಲಾಕತ್ತಿ ಏನು?”