ಕಚೇರಿ ಬಾಗಿಲು ಬಲ್ಲವಳು

ಜೀಪಿನ ಬಾನೆಟ್ಟು ಇನ್ನೂ ಬಿಸಿಯಾಗಿದೆ, ಬೆನ್ನು ಆನಿಸಿದರೆ ಸೀರೆಯ ಮೇಲೂ ಚುರುಗುಟ್ಟುತ್ತದೆ, ಆದರೂ ಒರಗಿಕೊಂಡೇ ನಿಂತಿದ್ದೇನೆ, ಎದುರು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಗಸರ ಕೈ ನಿಂತುಹೋಗಿದೆ, ಸರ್ಕಾರದ ಜೀಪಿಗೆ ಒರಗಿ ನಿಂತ ಈ ಮುದುಕಿ ಯಾರು ಅಂತ ನೋಡುತ್ತಿದ್ದಾರೆ, ನೋಡಲಿ, ಕಣ್ತುಂಬ ನೋಡಲಿ — ಹೇಮಾಶ್ರೀ ಒಳಗೆ ಹೋಗಿ ಎಷ್ಟು ಹೊತ್ತಾಯಿತು, ಅರಸೀಕೆರೆ ಕಡೆಗೆ ಒಂದು ರೈಲು ಹೋಯಿತು, ಆಮೇಲೆ ಒಂದು ಗೂಡ್ಸು, ಈ ಬಾಣಾವರದಲ್ಲಿ ಗಡಿಯಾರ ಬೇಡ, ರೈಲು ಎಣಿಸಿದರೆ ಸಾಕು. ಒಂದು ಬೀರು ತೆಗೆದು ಒಂದು ಫೈಲು ಈಚೆಗೆ ತರುವುದಕ್ಕೆ ಎರಡು ರೈಲು ಹೋಗುವಷ್ಟು ಹೊತ್ತು ಬೇಕೇ? ಅವಳ ಜೊತೆ ರಮಾ ಮೇಡಂ ಇದ್ದಾರೆ, ಹೆಂಗಸರು ಮಕ್ಕಳ ಕಚೇರಿಯ ಆಫೀಸರು, ಒಬ್ಬಳು ಹೆಣ್ಣು ಪೊಲೀಸು ಇದ್ದಾಳೆ, ಕೈಯಲ್ಲಿ ಕೋರ್ಟಿನ ಕಾಗದವಿದೆ, ಉಮೇಶ ತನ್ನ ಹೆಂಡತಿ ಹೇಮಾಶ್ರೀಯನ್ನು ಮುಟ್ಟಕೂಡದು, ಅವಳ ಸಾಮಾನು ಅವಳಿಗೆ ಕೊಡಬೇಕು ಅಂತ ಜಡ್ಜು ಬರೆದ ಕಾಗದ. ನೀವೂ ಬನ್ನಿ ಲಕ್ಕಮ್ಮ ಅಂದರು ರಮಾ ಮೇಡಂ ಬಾಗಿಲಲ್ಲಿ ನಿಂತು, ಅಷ್ಟರಲ್ಲಿ ಉಮೇಶನ ತಾಯಿ ಅಡ್ಡ ಕೈ ಚಾಚಿದಳು, ನೀವೆಲ್ಲ ಬನ್ನಿ ಮೇಡಂ, ಅವಳು ಮಾತ್ರ ಬ್ಯಾಡ, ಒಳಗೆ ದೇವರ ಮನೆ ಐತೆ. ಮೇಡಂ ಮುಖ ಕೆಂಪಾಯಿತು, ಏನೋ ಹೇಳುವುದಕ್ಕೆ ಬಾಯಿ ತೆರೆದರು, ನಾನೇ ಬಿಡಿ ಮೇಡಂ ಅಂದೆ, ಇವತ್ತು ನಮ್ಮ ಕೆಲಸ ಸರ್ಟಿಫಿಕೇಟು, ಬೇರೆ ಜಗಳ ಬೇರೆ ದಿನ ಮಾಡಾನ, ನಾನಿಲ್ಲೇ ನಿಂತಿರ್ತೀನಿ. ಹಾಗೆ ಅಂದದ್ದು ಸೋತು ಅಲ್ಲ. ಯಾವ ಬಾಗಿಲನ್ನು ಯಾವಾಗ ತಟ್ಟಬೇಕು ಅನ್ನುವುದು ನನಗೆ ಗೊತ್ತು, ಕಣಕಟ್ಟೆ ಸುತ್ತಿನ ಹಳ್ಳಿಗಳಲ್ಲಿ ನನ್ನಷ್ಟು ಅದನ್ನು ಬಲ್ಲವರು ಯಾರಿದ್ದಾರೆ?

ಅದಕ್ಕೇ ತಾನೇ ರಂಗಮ್ಮ ನಮ್ಮ ಮನೆಗೆ ಬಂದದ್ದು, ಹೇಮಾಶ್ರೀಯ ತಾಯಿ, ಊರ ಮುಂದಿನ ತೆಂಗಿನ ತೋಟದ ಬೋರಯ್ಯನವರ ಹೆಂಡತಿ, ಹೋದ ತಿಂಗಳು, ನಡು ಮಧ್ಯಾಹ್ನ, ತಲೆ ಮೇಲೆ ಸೆರಗು ಹೊದ್ದು — ಅವರ ತೋಟದಲ್ಲಿ ನಾನು ಗರಿ ಆರಿಸುತ್ತಿದ್ದ ಕಾಲಕ್ಕೆ ಲಕ್ಕೀ ಅನ್ನುತ್ತಿದ್ದವಳು, ಎತ್ತರದಿಂದ ಬೊಗಸೆಗೆ ನೀರು ಹುಯ್ಯುತ್ತಿದ್ದವಳು, ನಮ್ಮ ಬೀದಿಗೆ ಆ ಮನೆಯ ಹೆಂಗಸರು ಕಾಲಿಟ್ಟದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು, ನನಗೀಗ ಐವತ್ತೆಂಟು. ಬಾಗಿಲಲ್ಲಿ ನಿಂತು ಲಕ್ಕಮ್ಮಾ ಅಂದಳು. ನಾನು ಒಳಗೆ ರಾಗಿ ಬೀಸಿಸಿ ತಂದ ಹಿಟ್ಟು ಡಬ್ಬಕ್ಕೆ ತುಂಬುತ್ತಿದ್ದೆ, ಕೈ ತೊಳೆದು ಬಂದು ಬನ್ನಿ ರಂಗಮ್ಮೋರೆ ಅಂತ ಕುರ್ಚಿ ಹಾಕಿದೆ, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂತಳು, ಕೊಟ್ಟ ನೀರನ್ನು ಲೋಟ ಕಚ್ಚಿ ಕುಡಿದಳು, ಕುಡಿದ ಮೇಲೆ ಅಳುವುದಕ್ಕೆ ಶುರುಮಾಡಿದಳು. ಮಗಳು ಮೂರು ವರ್ಷದ ಕೂಸು ಎತ್ಕಂಡು ಬಂದುಬಿಟ್ಟವಳೆ ಕಣವ್ವ, ಬೆನ್ನೆಲ್ಲ ಬಾಸುಂಡೆ, ಕೈ ಮೇಲೆ ಸುಟ್ಟ ಗಾಯ, ಇವ್ರು ನೋಡುದ್ರೆ ವಾಪಸ್ ಕಳಿಸು ಅಂತವರೆ, ಹೆಣ್ಣು ಕೊಟ್ಟ ಮೇಲೆ ಅವರ ಮನೆ ಅಂತವರೆ, ನಂಗೆ ಯಾರತ್ರ ಹೋಗ್ಬೇಕು ಅಂತ ಗೊತ್ತಿಲ್ಲ, ನಿಂಗೆ ಆಫೀಸೆಲ್ಲ ಗೊತ್ತಂತಲ್ಲ. ನಿಂಗೆ ಆಫೀಸೆಲ್ಲ ಗೊತ್ತಂತಲ್ಲ! ಆ ಮಾತು ಕಿವಿಗೆ ಬಿದ್ದಾಗ ಎದೆಯೊಳಗೆ ಏನೋ ಎದ್ದು ನಿಂತಿತು, ಅವಳ ಕಣ್ಣೀರಿನ ಮುಂದೆ ಹಾಗೆ ಹಿಗ್ಗಬಾರದು ಅಂತ ಗೊತ್ತಿದ್ದರೂ ಎದ್ದು ನಿಂತಿತು, ತಡೆಯಲಿಲ್ಲ.

ನಾನೇನು ಹುಟ್ಟುವಾಗಲೇ ಕಚೇರಿಗಳನ್ನು ಬಲ್ಲವಳಾಗಿದ್ದೆನೇ, ಅಕ್ಷರ ಇವತ್ತಿಗೂ ಬರುವುದಿಲ್ಲ, ಅಂಕಿ ಬರುತ್ತದೆ ಅಷ್ಟೇ — ಹನ್ನೆರಡು ವರ್ಷದ ಹಿಂದೆ ಅರಸೀಕೆರೆಯ ಒಂದು ಮಂಡಿಯಲ್ಲಿ ಕಾಯಿ ಸುಲಿಯುವಾಗ ಕಬ್ಬಿಣದ ಮೊನೆ ಎಡಗೈಯ ಅಂಗೈಯಲ್ಲಿ ಹೊಕ್ಕು ಆಚೆ ಬಂತು, ಎರಡು ಬೆರಳು ಆವತ್ತಿನಿಂದ ಮಡಚುವುದಿಲ್ಲ, ಸಾಹುಕಾರ ಬಟ್ಟೆ ಸುತ್ತಿಕೊಳ್ಳುವುದಕ್ಕೆ ಹಳೆ ಪಂಚೆ ಕೊಟ್ಟು ನಾಳೆಯಿಂದ ಬರಬ್ಯಾಡ ಅಂದ. ಆಗ ನಾನು ಎಲ್ಲಿಗೆ ಹೋಗಬೇಕಿತ್ತು? ಗಂಡ ತೀರಿಕೊಂಡು ವರ್ಷವಾಗಿತ್ತು, ಮಗ ಇನ್ನೂ ಹೈಸ್ಕೂಲು. ಒಂದು ಕಚೇರಿಗೆ ಹೋದರೆ ಇದು ನಮ್ಮದಲ್ಲ ಅಂದರು, ಇನ್ನೊಂದಕ್ಕೆ ಹೋದರೆ ಸಾಹೇಬರಿಲ್ಲ ಅಂದರು, ಮೂರು ದಿನ ಒಂದು ಕಟ್ಟಡದ ಮುಂದೆ ಸಾಲಿನಲ್ಲಿ ನಿಂತೆ, ನಾಲ್ಕನೆಯ ದಿನ ಗೊತ್ತಾಯಿತು ಅದು ಸೀಮೆಎಣ್ಣೆ ಕಾರ್ಡಿನ ಸಾಲು ಅಂತ, ಬೋರ್ಡು ಓದುವುದಕ್ಕೆ ಬಾರದವಳ ಹಣೆಬರಹ, ಕೋರ್ಟಿನ ಮುಂದಿನ ಮರದ ಬುಡದಲ್ಲಿ ಕೂತುಬಿಟ್ಟೆ. ಅಲ್ಲಿ ಟೈಪು ಹೊಡೆಯುತ್ತಿದ್ದ ರೇವಣಸಿದ್ದಪ್ಪನವರು ಮಿಷನ್ನಿನಿಂದ ತಲೆ ಎತ್ತದೆ ಏನಮ್ಮ ಕೈಗೆ ಅಂದರು, ಹೇಳಿದೆ, ಆಗ ತಲೆ ಎತ್ತಿದರು. ಅಗೋ ಆ ಮೂಲೆ ರೂಮು, ನೀಲಿ ಬಾಗ್ಲು, ಬಡವರಿಗೆ ಅಲ್ಲಿ ಪುಕ್ಕಟೆ ವಕೀಲ್ರನ್ನ ಕೊಡ್ತಾರೆ, ಪುಕ್ಕಟೆ ಅಂದ್ರೆ ದಾನ ಅಲ್ಲ ಕಣಮ್ಮ, ಅದು ನಿನ್ನ ಹಕ್ಕು, ತಲೆ ತಗ್ಗಿಸ್ಕೊಂಡು ಹೋಗ್ಬ್ಯಾಡ. ಆ ನೀಲಿ ಬಾಗಿಲಿಗೆ ಹೋದೆ, ಒಂದೂವರೆ ವರ್ಷ ಹೋದೆ, ಸಾಹುಕಾರ ಪರಿಹಾರ ಕೊಟ್ಟ, ಮಗ ಓದಿ ಮೇಷ್ಟ್ರಾದ, ಆದರೆ ಅದಕ್ಕಿಂತ ಹೆಚ್ಚಿನದು ಒಂದು ನನಗೆ ಸಿಕ್ಕಿತು — ದಾರಿ. ಯಾವ ಕಚೇರಿಯ ಮೆಟ್ಟಿಲು ಎಷ್ಟು, ಯಾವ ಕಿಟಕಿಯಲ್ಲಿ ವಿಧವೆಯರ ಪಿಂಚಣಿ ಅರ್ಜಿ, ಯಾವ ದಿನ ಲೇಬರ್ ಸಾಹೇಬರು ಸಿಗುತ್ತಾರೆ, ಹೊಡೆಸಿಕೊಂಡ ಹೆಣ್ಣಿಗೆ ಒಂದು ರಾತ್ರಿ ಮಲಗಲು ಜಾಗ ಎಲ್ಲಿ, ಎಲ್ಲ ತಲೆಯೊಳಗೆ ಬಾಗಿಲಿನ ಬಣ್ಣದ ಮೇಲೆ ಗುರುತಾಗಿ ಕೂತಿತು. ನನ್ನ ಹಿರಿಮಗಳ ಮಗಳು, ಇಂದು ಅಂತ ಅವಳ ಹೆಸರು, ಒಂದು ಪುಸ್ತಕ ಮಾಡಿಕೊಟ್ಟಿದ್ದಾಳೆ, ಫೋನ್ ನಂಬರಿನ ಪಕ್ಕ ಒಂದೊಂದು ಚಿತ್ರ, ಪೊಲೀಸಿಗೆ ಟೋಪಿ, ಕೋರ್ಟಿಗೆ ತಕ್ಕಡಿ, ಆಸ್ಪತ್ರೆಗೆ ಸೂಜಿ, ರಮಾ ಮೇಡಂಗೆ ಮಾತ್ರ ಕನ್ನಡಕ, ನಂಗೆ ಓದಕ್ಕೆ ಬರಲ್ಲ ಅಂತ ನೀನು ನಗ್ತೀಯ ಅಜ್ಜಿ, ನಾನು ಬರ್ದು ಬರ್ದು ಸುಸ್ತಾಗಿ ಸಾಯ್ತೀನಿ ಅಂತ ಬೈಯುತ್ತಲೇ ಬಿಡಿಸಿದಳು, ಮಗ ಒಮ್ಮೆ ಕೇಳಿದ, ಈ ವಯಸ್ಸಲ್ಲಿ ಯಾಕವ್ವ ಬಸ್ಸಲ್ಲಿ ಅಲೀತೀಯ, ಮನೇಲಿರು ಅಂದ, ನಾನು ಅಂದೆ, ಮೇಷ್ಟ್ರು ನೀನು ಮಕ್ಳಿಗೆ ಓದೋದು ತೋರಿಸ್ತೀಯ, ನಾನು ಹೆಂಗಸ್ರಿಗೆ ದಾರಿ ತೋರಿಸ್ತೀನಿ, ಇಬ್ಬರದೂ ಒಂದೇ ಕೆಲಸ ಕಣಪ್ಪ.

ಹೇಮಾಳನ್ನು ಮೊದಲು ಕರೆದುಕೊಂಡು ಹೋದದ್ದು ಸರ್ಕಾರಿ ಆಸ್ಪತ್ರೆಗೆ, ಗಾಯ ಮಾಯುವ ಮುಂಚೆ ಡಾಕ್ಟರು ಬರೆದುಕೊಳ್ಳಬೇಕು, ಇದು ನಾನು ಕಲಿತ ಮೊದಲ ಪಾಠ, ಆಮೇಲೆ ರಮಾ ಮೇಡಂ ಕಚೇರಿ. ಎರಡು ವರ್ಷದ ಹಿಂದೆ ಹೊಸ ಕಾನೂನು ಬಂತಲ್ಲ, ಮನೆಯೊಳಗೆ ಹೊಡೆಯುವುದೂ ತಪ್ಪು ಅಂತ, ಅದನ್ನು ನೋಡಿಕೊಳ್ಳುವುದು ಅವರ ಕೆಲಸ. ಏನಾಯ್ತು ಹೇಳಮ್ಮ ಅಂದರು, ಹೇಮಾ ನೆಲ ನೋಡುತ್ತಾ ಕೂತಳು, ರಂಗಮ್ಮ ಬಾಯಿ ಹಾಕಲು ಹೋದಳು, ನಾನು ಮೇಜಿನ ಕೆಳಗೆ ಅವಳ ಕೈ ಅದುಮಿ ಹಿಡಿದೆ, ನಾನು ಆ ಮನೆಯ ಯಜಮಾನಿಯ ಕೈ ಅದುಮಿ ಹಿಡಿದೆ, ಸುಮ್ಕಿರಿ ರಂಗಮ್ಮೋರೆ, ಅವಳೇ ಹೇಳ್ಬೇಕು. ಕೊನೆಗೆ ಅವಳೇ ಬಾಯಿ ಬಿಟ್ಟಳು, ಹೊಡೆತದ ಸುದ್ದಿಯಿಂದಲ್ಲ ಅವಳು ಶುರುಮಾಡಿದ್ದು, ಬೀರುವಿನ ಕೀ ಅವ್ರ ಉಡುದಾರದಲ್ಲೇ ಇರುತ್ತೆ ಮೇಡಂ, ಸ್ನಾನಕ್ಕೆ ಹೋದ್ರೂ ಬಿಚ್ಚಲ್ಲ, ನನ್ನ ನರ್ಸ್ ಟ್ರೈನಿಂಗ್ ಸರ್ಟಿಫಿಕೇಟು ಅದರೊಳಗೈತೆ, ಕೆಲಸಕ್ಕೆ ಹೋಗ್ತೀನಿ ಅಂದಿದ್ದಕ್ಕೇ ಇದೆಲ್ಲ. ಆಮೇಲೆ ತೋಳು ಮೇಲೆತ್ತಿ ಸುಟ್ಟ ಗುರುತು ತೋರಿಸಿದಳು, ಅಳಲಿಲ್ಲ. ಮೇಡಂ ಬರೆದುಕೊಂಡರು, ನೀಲಿ ಬಾಗಿಲಿನ ರೂಮಿಗೆ ಹೋದೆವು, ಈಗ ಅದಕ್ಕೆ ಹಸಿರು ಬಣ್ಣ ಬಳಿದಿದ್ದಾರೆ, ನನಗೆ ಬೇಜಾರು, ವಕೀಲರು ಬಂದರು, ಜಡ್ಜಿನ ಮುಂದೆ ಮತ್ತೆ ಅದೇ ಪ್ರಶ್ನೆ, ಈ ಸಲ ಹೇಮಾ ಕಾಯಲಿಲ್ಲ, ತಲೆ ಎತ್ತಿ ಹೇಳಿದಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಹಾಗೆ ಹೇಳಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲವೇನೋ. ಆದರೆ ಬೋರಯ್ಯನವರು — ಅವರು ಇದ್ಯಾವುದಕ್ಕೂ ಬರಲಿಲ್ಲ. ಕೋರ್ಟು ಕಟ್ಟೆ ಹತ್ತುದ್ರೆ ನಮ್ ಮನೆ ಮರ್ಯಾದೆ ಏನಾಯ್ತದೆ ಅಂತ ಹೆಂಡತಿಯ ಮೇಲೆ ಕೂಗಾಡಿದರಂತೆ, ದಾರಿಯಲ್ಲಿ ಎದುರಾದರೆ ನನ್ನ ಮುಖ ನೋಡುವುದಿಲ್ಲ, ಇವತ್ತು ಬೆಳಿಗ್ಗೆ ಜೀಪು ಅವರ ಮನೆ ಮುಂದೆ ನಿಂತಾಗ ರಂಗಮ್ಮ ಕೂಸು ಎತ್ತಿಕೊಂಡು ಬಾಗಿಲಿಗೆ ಬಂದರೂ ಇವರು ಕೊಟ್ಟಿಗೆಯಿಂದ ಈಚೆಗೆ ಬರಲಿಲ್ಲ. ಸೋಮವಾರದೊಳಗೆ ಸರ್ಟಿಫಿಕೇಟು ತೋರಿಸಿದರೆ ಅರಸೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹೇಮಾಳಿಗೆ ಕೆಲಸ, ಇಲ್ಲದಿದ್ದರೆ ಇಲ್ಲ, ಇವತ್ತು ಶನಿವಾರ —

ಒಳಗೆ ಏನೋ ಬಿದ್ದ ಸದ್ದು, ಪಾತ್ರೆಯೋ ಡಬ್ಬವೋ, ಉಮೇಶನ ತಾಯಿಯ ಅಳು ಜೋರಾಗುತ್ತಿದೆ, ಮಗು ಮುಖ ನೋಡಾದ್ರೂ ಇರವ್ವ, ಇನ್ಮೇಲೆ ನಾನಿಲ್ವಾ, ನಾನು ನೋಡ್ಕತೀನಿ, ಆಹಾ, ಈ ಅಳು ನನಗೆ ಗೊತ್ತು, ಎಷ್ಟೋ ಮನೆಯ ಬಾಗಿಲಲ್ಲಿ ಕೇಳಿದ್ದೇನೆ, ಹೊಡೆತಕ್ಕೆ ಬಗ್ಗದ ಹೆಣ್ಣು ಈ ಅಳುವಿಗೆ ಬಗ್ಗುತ್ತದೆ, ಹೋದ ವರ್ಷ ಹುಲಿಕೆರೆಯ ಹುಡುಗಿಯೊಬ್ಬಳು ಹೀಗೇ ಒಳಗೆ ಹೋದವಳು ಈಚೆಗೆ ಬರಲೇ ಇಲ್ಲ, ನಾನು ಒಬ್ಬಳೇ ಬಸ್ಸು ಹತ್ತಿ ಬಂದೆ, ಹೇಮಾ, ಬೇಡ ಕಣವ್ವ, ಕೀ ಇಸ್ಕೋ, ಬೀರು ತೆಗಿ, ಕಾಗದ ತಗಂಡು ಬಾ — ಬಾಗಿಲು ತೆರೆಯಿತು, ಅವಳಲ್ಲ, ಉಮೇಶನ ಚಿಕ್ಕಪ್ಪ ಕೃಷ್ಣಪ್ಪ, ಹೆಗಲ ಮೇಲಿನ ಟವಲು ಕೊಡವುತ್ತಾ ನೇರ ನನ್ನ ಹತ್ತಿರ ಬಂದ. ಏನ್ ಲಕ್ಕಮ್ಮ, ದೊಡ್ಡೋರ ಮನೆ ಗಂಡ ಹೆಂಡ್ತಿ ವಿಷಯ, ನಿಂಗ್ಯಾಕೆ? ನಿಮ್ ಬೀದಿ ಪಂಚಾಯ್ತಿ ನೀನು ನೋಡ್ಕೊ. ಜಗಲಿಯ ಹೆಂಗಸರು ಕತ್ತು ಮುಂದೆ ಮಾಡಿದರು. ಮೊದಲಾದರೆ ತಲೆ ತಗ್ಗಿಸಿ ಸರಿದುಬಿಡುತ್ತಿದ್ದೆ, ಈಗ ಅಂದೆ, ಕೃಷ್ಣಪ್ಪನೋರೆ, ಹುಡುಗಿ ಮನೆಯೋರೇ ನಮ್ ಬೀದಿಗೆ ಬಂದು ಕರೆದ್ರು, ಅದಕ್ಕೆ ಬಂದಿವ್ನಿ, ನಾಳೆ ನಿಮ್ ಮಗಳು ಕರೆದ್ರೂ ಬತ್ತೀನಿ. ಅವನು ಬಾಯಿ ತೆರೆದವನು ಹಾಗೇ ಬೀದಿಯ ತುದಿ ನೋಡಿದ, ನಾನೂ ನೋಡಿದೆ, ಬಸ್ ಸ್ಟ್ಯಾಂಡ್ ಕಡೆಯಿಂದ ಕೊಡೆಯಿಲ್ಲದೆ, ಬಿಳಿ ಪಂಚೆ ಎತ್ತಿ ಕಟ್ಟಿ, ಬೋರಯ್ಯನವರು ನಡೆದು ಬರುತ್ತಿದ್ದಾರೆ. ಮುಗಿಯಿತು ಅಂದುಕೊಂಡೆ, ಮಗಳನ್ನು ಇಲ್ಲೇ ಬಿಟ್ಟುಹೋಗಲು ಬಂದಿದ್ದಾರೆ. ಕೃಷ್ಣಪ್ಪನ ಮುಖ ಅರಳಿತು, ಬನ್ನಿ ಭಾವ ಬನ್ನಿ, ಒಳ್ಳೆ ಟೈಮಿಗೆ ಬಂದ್ರಿ, ನಿಮ್ ಮಗಳಿಗೊಂದು ಮಾತು ಹೇಳಿ, ಈ ಜೀಪು ಗೀಪು ಎಲ್ಲ ವಾಪಸ್ ಕಳ್ಸಣ. ಬೋರಯ್ಯನವರು ಅವನನ್ನು ದಾಟಿ ಬಂದರು, ಬೆವರು ಒರೆಸಿಕೊಂಡರು, ನನ್ನ ಪಕ್ಕದಲ್ಲಿ, ಜೀಪಿಗೆ ಒರಗಿ ನಿಂತರು. ಹೇಳೋದು ನನ್ನ ಕೈಲಿಲ್ಲ ಕಣ್ರೀ, ಲಕ್ಕಮ್ಮ ಇಲ್ಲೇ ನಿಂತವ್ಳಲ್ಲ, ಲಕ್ಕಮ್ಮನ್ನೇ ಕೇಳಿ. ಅಷ್ಟೇ ಅಂದರು. ನನ್ನ ಕಡೆ ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಆಗ ಹೇಮಾ ಬಂದಳು. ಎದೆಗೆ ಅವುಚಿಕೊಂಡ ಪ್ಲಾಸ್ಟಿಕ್ ಫೈಲು, ಹಿಂದೆ ರಮಾ ಮೇಡಂ, ಹಿಂದೆ ಪೊಲೀಸು, ಉಮೇಶ ಒಳಗೇ ಉಳಿದಿದ್ದಾನೆ, ಕದದ ಸಂದಿಯಲ್ಲಿ ಅವನ ಅಂಗಿಯ ತೋಳು ಮಾತ್ರ ಕಾಣುತ್ತದೆ. ಎಲ್ಲಾ ಐತಾ ಅಂತ ಕಣ್ಣಲ್ಲೇ ಕೇಳಿದೆ, ಎಲ್ಲಾ ಐತೆ ಲಕ್ಕಕ್ಕ ಅಂದಳು, ಬೀದಿಗೆಲ್ಲ ಕೇಳುವ ಹಾಗೆ ಅಂದಳು. ಹೊಸಿಲಾಚೆ ಬಿಟ್ಟುಹೋಗಿದ್ದ ಅವಳ ಚಪ್ಪಲಿ ಇಲ್ಲ, ಯಾರೋ ಎತ್ತಿ ಎಸೆದಿದ್ದಾರೆ, ಒಂದು ಕ್ಷಣ ಆ ಕಡೆ ಈ ಕಡೆ ನೋಡಿದಳು, ಹುಡುಕಲಿಲ್ಲ, ಮೆಟ್ಟಿಲಿಳಿದು ಬರಿಗಾಲನ್ನು ಟಾರಿನ ಮೇಲಿಟ್ಟಳು, ಮುಖ ಕಿವುಚಿಕೊಂಡಿತು, ಬೋರಯ್ಯನವರು ಮೊಣಕಾಲು ಹಿಡಿದುಕೊಂಡು ಬಗ್ಗಿದರು, ತಮ್ಮ ಚಪ್ಪಲಿ ಬಿಟ್ಟು ಕೈಯಿಂದ ಎತ್ತಿ ಮಗಳ ಮುಂದಿಟ್ಟರು, ಹಾಕ್ಕಳವ್ವ, ನೆಲ ಕಾದೈತೆ. ಆ ದೊಡ್ಡ ಚಪ್ಪಲಿಯಲ್ಲಿ ಅವಳು ಟಪಟಪ ನಡೆದು ಜೀಪು ಹತ್ತಿದಳು, ಮೇಡಂ ಹತ್ತಿದರು, ಬನ್ನಿ ಲಕ್ಕಮ್ಮ ಎನ್ನುತ್ತಿದ್ದಾರೆ, ಹತ್ತಬೇಕು, ಈ ಬೋರಯ್ಯನವರ ಮನೆ ಮುಂದೆ ಹಾಯುವಾಗ ನಮ್ಮಪ್ಪ ಸಣ್ಣಯ್ಯ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ, ಅದನ್ನು ಇಂದೂಗೆ ಹೇಳಬೇಕು, ಇವತ್ತಿನದನ್ನೂ ಹೇಳಬೇಕು, ಹೇಗೆ ಹೇಳಲಿ, ಬನ್ನಿ ಲಕ್ಕಮ್ಮ, ಬಂದೆ, ಬಂದೆ ಮೇಡಂ, ಕಣ್ಣು ಮಾತ್ರ ಏಳುತ್ತಿಲ್ಲ, ಕೆಳಗೆ, ಕಪ್ಪು ಟಾರಿನ ಮೇಲೆ, ಒಡೆದ ಹಿಮ್ಮಡಿ, ಬಿಸಿಗೆ ಮೇಲೆದ್ದ ಬೆರಳುಗಳು, ಒಂದು ಪಾದ ಎತ್ತಿ ಇನ್ನೊಂದರ ಮೇಲಿಟ್ಟು, ಮತ್ತೆ ಇಳಿಸಿ, ಎರಡನ್ನೂ ಊರಿ, ಅಲುಗದೆ, ಬೋರಯ್ಯನವರ ಬರಿಗಾಲು, ಕಾದ ನೆಲ, ಬರಿಗಾಲು —